ನೆಗೆಣ್ಣಿಯ ಸಿಸ್ಟಮ್ ನೋಡಿ ಬಂದ ಮೇಲೆ

ನನ್ನ ಕಂಪ್ಯೂಟರಿನ ಪ್ರೊಸೆಸರಿನ ಮೇಲಿದ್ದ ಹಳೆಯ ಫ್ಯಾನನ್ನು ಬಿಚ್ಚಿದ್ದು ಬಿಸಿಲಿನ ಕಾಟಕ್ಕೆ ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿದ್ದೆ. ಅದು ಸುಳ್ಳೇನಲ್ಲ. ಸೇಡಂನ ಮೇ ತಿಂಗಳು, ತಗಡಿನ ಪತ್ರಾಸಿನ ಕೆಳಗಿನ ಎಡಿಟಿಂಗ್ ಕೋಣೆ. ಮಧ್ಯಾಹ್ನ ಕೀಬೋರ್ಡು ಮುಟ್ಟಿದರೆ ಬೆರಳು ಚುರುಗುಟ್ಟುತ್ತಿತ್ತು. ಫ್ಯಾನಿನ ರೆಕ್ಕೆಗಳ ನಡುವೆ ಊರ ಸುತ್ತಲಿನ ಕಾರ್ಖಾನೆಗಳ ಸಿಮೆಂಟಿನ ಸಣ್ಣ ಧೂಳು ಗಚ್ಚಿನ ಹಾಗೆ ಕೂತಿರುತ್ತಿತ್ತು. ವಿಡಿಯೋ ಸ್ವಲ್ಪ ಭಾರವಾದರೆ ಸಾಕು, ಫ್ಯಾನು ಕಿರುಚತೊಡಗಿ, ಚಿತ್ರ ತಡವರಿಸಿ, ಕಡೆಗೆ ಸಿಸ್ಟಮ್ ತಾನಾಗಿಯೇ ಆರಿಹೋಗುತ್ತಿತ್ತು.

ಆದರೆ ಈ ಕಾಟ ಹಿಂದಿನ ಬೇಸಿಗೆಯಲ್ಲೂ ಇತ್ತು. ಆಗ ಕ್ಯಾಬಿನೆಟ್ಟಿನ ಬಾಗಿಲು ತೆಗೆದಿಟ್ಟು, ಎದುರಿಗೆ ಟೇಬಲ್ ಫ್ಯಾನ್ ಹಚ್ಚಿ ಕೆಲಸ ಸಾಗಿಸಿದ್ದೆ. ಈ ಸಲ ಹಾಗೆ ಸಾಗಿಸಲು ಮನಸ್ಸು ಒಪ್ಪಲಿಲ್ಲ. ಅದಕ್ಕೆ ಕಾರಣ ವಾಡಿಯಲ್ಲಿತ್ತು.

ವಾಡಿಯಲ್ಲಿ ನನ್ನ ನೆಗೆಣ್ಣಿ ಇದ್ದಾಳೆ, ಅಂದರೆ ಮೈದುನನ ಹೆಂಡತಿ. ಮೈದುನನಿಗೆ ರೈಲ್ವೆಯಲ್ಲಿ ಕೆಲಸ. ನೆಗೆಣ್ಣಿ ನನ್ನ ಹಾಗೆಯೇ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತಾಳೆ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಬಳಿಯೇ ಕೂತು ಕೆಲಸ ಕಲಿತವಳು. ಈಗ ಚಿತ್ತಾಪುರ, ಶಹಾಬಾದ ಕಡೆಯ ಛಾಯಾಗ್ರಾಹಕರೆಲ್ಲ ಅವಳ ಮನೆಗೇ ಹೋಗುತ್ತಾರೆ. ಅವಳ ಹೊಸ ಮನೆಯ ವಾಸ್ತುಶಾಂತಿಗೆ ಹೋದಾಗ, ದೇವರ ಕೋಣೆಗಿಂತ ಹೆಚ್ಚು ಮಂದಿ ಅವಳ ಎಡಿಟಿಂಗ್ ಕೋಣೆಯಲ್ಲಿದ್ದರು. ಪಕ್ಕಕ್ಕೆ ಗಾಜು ಹೊದಿಸಿದ ದೊಡ್ಡ ಕ್ಯಾಬಿನೆಟ್ಟು. ಒಳಗೆ ಕಪ್ಪು ಕೊಳವೆಗಳು, ನೀಲಿ ಬೆಳಕು. ನೀರಿನಿಂದ ಪ್ರೊಸೆಸರನ್ನು ತಣ್ಣಗಿಡುವ ಕೂಲರ್ ಅದು. ಸದ್ದೇ ಇಲ್ಲ.

ನಮ್ಮ ಅತ್ತೆ ಗಾಜಿನ ಮೇಲೆ ಅಂಗೈ ಇಟ್ಟು ನನ್ನನ್ನು ಕರೆದರು. "ಬಾರವ್ವಾ, ಇಲ್ಲಿ ನೋಡು. ಒಳಗ ನೀರ್ ಹರೀತದಂತ. ಎಷ್ಟ್ ಥಂಡ ಅದ! ನಿಂದು ಹಿಟ್ಟಿನ ಗಿರಣಿ ಹಂಗ ಒದರ್ತದ."

ಎಲ್ಲರೂ ನಕ್ಕರು. ನಾನೂ ನಕ್ಕೆ.

"ಅಕ್ಕಾ ಅವ್ರ ಸಿಸ್ಟಮ್ ಅವ್ರೇ ಜೋಡ್ಸ್ಯಾರ್ರಿ ಅತ್ತಿ" ಎಂದಳು ನೆಗೆಣ್ಣಿ. "ನಂಗೆಲ್ಲಿ ಬರ್ತದ ಅದು? ನಾವು ಹೈದರಾಬಾದದಾಗ ಜೋಡ್ಸಿದ್ದೇ ತಂದೀವಿ."

ಅವಳು ನನ್ನ ಮಾನ ಉಳಿಸಲೆಂದೇ ಆ ಮಾತು ಆಡಿದ್ದು. ನನಗೆ ಮಾತ್ರ ಬೇರೆಯೇ ಕೇಳಿಸಿತು. ಜೋಡಿಸುವ ಕರ್ಮ ನಿಮಗೆ, ತರುವ ಭಾಗ್ಯ ನಮಗೆ ಎಂದಂತೆ. ಅಂದೇ ರೈಲಿನಲ್ಲಿ ಸೇಡಂಗೆ ಮರಳುವಾಗ ಮೊಬೈಲಿನಲ್ಲಿ ಹುಡುಕಿ, ಅವಳದಕ್ಕೆ ಆದಷ್ಟು ಹತ್ತಿರವಿದ್ದ ನೀರಿನ ಕೂಲರೊಂದನ್ನು ಮಳಖೇಡ ದಾಟುವುದರೊಳಗೆ ಆರ್ಡರ್ ಹಾಕಿಬಿಟ್ಟೆ.

ಆಗ ನನ್ನ ಕೈಯಲ್ಲಿ ಒಂದು ಕೆಲಸವಿತ್ತು. ನಾನು ಈವರೆಗೆ ಮಾಡಿದ್ದರಲ್ಲಿ ಅದೊಂದೇ ಮದುವೆಯದಲ್ಲದ ವಿಡಿಯೋ. ಚಿತ್ತಾಪುರದ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವ ನರ್ಸ್ ಒಬ್ಬರು ತಂದದ್ದು. ಅವರ ಅಜ್ಜಿ ಸನ್ನತಿಯವರು. ಅಲ್ಲಿ ಬೌದ್ಧ ಸ್ತೂಪದ ಉತ್ಖನನ ನಡೆದಾಗ ಬುಟ್ಟಿಯಲ್ಲಿ ಮಣ್ಣು ಹೊತ್ತ ಕೂಲಿ ಹೆಂಗಸರಲ್ಲಿ ಒಬ್ಬರು. ಅಂಥ ಹೆಂಗಸರಲ್ಲಿ ಇನ್ನೂ ಬದುಕಿರುವವರನ್ನೆಲ್ಲ ಹುಡುಕಿ, ಅವರ ಮಾತುಗಳನ್ನು ನರ್ಸ್ ಚಿತ್ರೀಕರಿಸಿಕೊಂಡಿದ್ದರು. ಬುದ್ಧ ಪೂರ್ಣಿಮೆಯ ಸಂಜೆ ಅದೇ ಊರಲ್ಲಿ, ಅದೇ ಹೆಂಗಸರ ಮುಂದೆ ತೋರಿಸಬೇಕೆಂಬುದು ಅವರ ಆಸೆ.

"ಕಲ್ಲಿನ ಬಗ್ಗೆ ಭಾಳ ಮಂದಿ ಬರದಾರ್ರಿ ಅಕ್ಕಾರ" ಎಂದಿದ್ದರು ನರ್ಸ್. "ಮಣ್ಣ ಹೊತ್ತೋರ ಬಗ್ಗೆ ಯಾರೂ ಬರದಿಲ್ಲ. ನಮ್ಮ ಆಯಿ ಜೋಡೀದಾಕಿ ಒಬ್ಬಾಕಿ ಹಾಸಿಗಿ ಹಿಡದಾಳ. ಆಕಿ ಇರೋದ್ರೊಳಗ ಆಗ್ಬೇಕು."

ಈ ಕೆಲಸ ವಾಡಿಗೆ ಹೋಗದೆ ನನ್ನ ಬಳಿ ಬಂತಲ್ಲ ಎಂಬ ಖುಷಿ ನನಗೆ ಎಷ್ಟಿತ್ತೆಂದರೆ, ನೆಗೆಣ್ಣಿಗೆ ಅದರ ಸುದ್ದಿಯನ್ನೇ ಹೇಳಿರಲಿಲ್ಲ.

ಕೂಲರ್ ಬಂದ ದಿನ ಬೆಳಿಗ್ಗೆ ಕ್ಯಾಬಿನೆಟ್ಟನ್ನು ಫರ್ಸಿ ನೆಲದ ಮೇಲೆ ಮಲಗಿಸಿ ಕೂತೆ. ಫಿಲ್ಮಿನ ಕಟಿಂಗ್ ಹೆಚ್ಚುಕಡಿಮೆ ಮುಗಿದಿತ್ತು. ಬಣ್ಣ ಸರಿಪಡಿಸಿ ಕಡೆಯ ಕಾಪಿ ತೆಗೆಯುವುದೊಂದು ಬಾಕಿ. ಹಳೆಯ ಫ್ಯಾನಿನಲ್ಲೇ ಅದನ್ನು ಮುಗಿಸಿಕೊಳ್ಳಬಹುದಿತ್ತು. ಬುದ್ಧಿ ಹಾಗೆಯೇ ಹೇಳಿತು. ನಾನು ಸ್ಕ್ರೂ ಡ್ರೈವರ್ ಎತ್ತಿಕೊಂಡೆ.

ಹಳೆಯ ಫ್ಯಾನು ತೆಗೆದೆ. ಅದರಡಿಯ ಪೇಸ್ಟು ಒಣಗಿ ಸುಣ್ಣದಂತಾಗಿತ್ತು. ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವುದು ಈ ಪೇಸ್ಟೇ. ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸ ಪೇಸ್ಟು ಬಟಾಣಿ ಕಾಳಿನಷ್ಟು ಹಾಕಿದೆ. ಪ್ರೊಸೆಸರು ಕೂತ ಮುಖ್ಯ ಬೋರ್ಡಿನ ಹಿಂದೆ ಲೋಹದ ಚೌಕಟ್ಟು ಕೂಡಿಸಿ, ಮುಂದಿನಿಂದ ಕೂಲರಿನ ತಳವನ್ನು ಪ್ರೊಸೆಸರಿನ ಮೇಲಿಟ್ಟು, ನಾಲ್ಕು ಮೂಲೆಗಳ ಸ್ಕ್ರೂ ತಿರುಗಿಸಿದೆ. ಕೊಳವೆಗಳು ಗಟ್ಟಿ ರಬ್ಬರಿನವು. ತಳವನ್ನು ಒಂದು ಕಡೆಗೆ ಎಳೆಯುತ್ತಿದ್ದವು. ಅದಕ್ಕೆ ಮೊದಲ ಸ್ಕ್ರೂವನ್ನೇ ಪೂರ್ತಿ ಬಿಗಿದು, ಆಮೇಲೆ ಉಳಿದವುಗಳನ್ನು ಬಲ ಹಾಕಿ ಕೂಡಿಸಿದೆ. ನೀರು ತಣಿಸುವ ಜಾಲರಿಯನ್ನು ಮುಂಭಾಗಕ್ಕೆ ಜೋಡಿಸಿದೆ. ನೀಲಿ ಬೆಳಕಿನ ವೈರನ್ನು ಎಲ್ಲಕ್ಕಿಂತ ಮೊದಲು ಸಿಕ್ಕಿಸಿದ್ದೆ ಎಂಬುದನ್ನೂ ಹೇಳಿಬಿಡಬೇಕು.

ಗುಂಡಿ ಒತ್ತಿದೆ. ಫ್ಯಾನುಗಳು ತಿರುಗಿದವು, ನೀಲಿ ಬೆಳಕು ಬಂತು. ಅತ್ತೆಯನ್ನು ಕೂಗಿದೆ. ಅವರು ಬಂದು ನೋಡಿ, "ಚಂದ ಅದ. ಟಿವಿದಾಗ ಏನೂ ಬರವಲ್ದಲ್ಲ?" ಎಂದರು.

ಮಾನಿಟರ್ ಕಪ್ಪಗೇ ಇತ್ತು.

ಮೊದಲು ಸುಲಭದ ತಪ್ಪುಗಳನ್ನು ನೋಡುವುದು ಈ ಕೆಲಸದ ಕ್ರಮ. ಮಾನಿಟರಿನ ಕೇಬಲ್ ತೆಗೆದು ಹಾಕಿದೆ. ಪ್ರೊಸೆಸರಿಗೆ ಕರೆಂಟು ಕೊಡುವ ಪ್ಲಗ್ಗನ್ನು ಕೊಳವೆ ಒತ್ತಿರಬಹುದೆಂದು ಅದನ್ನೂ ಕಿತ್ತು ಕೂಡಿಸಿದೆ. ಪಂಪಿನ ವೈರು ಸರಿಯಾದ ಜಾಗದಲ್ಲೇ ಇತ್ತು. ನನ್ನ ಬೋರ್ಡಿನ ಅಂಚಿನಲ್ಲಿ ಸಣ್ಣ ದೀಪಗಳಿವೆ. ಶುರುವಾಗುವಾಗ ಯಾವ ಭಾಗದಲ್ಲಿ ತೊಡಕೋ ಆ ಭಾಗದ ದೀಪ ಆರದೆ ನಿಲ್ಲುತ್ತದೆ. ಮೆಮೊರಿಯ ದೀಪ ನಿಂತಿತ್ತು.

ಅದು ಕಂಡದ್ದೇ ಧೈರ್ಯ ಬಂತು. ಮೆಮೊರಿ ಪಟ್ಟಿಗಳು ಸಡಿಲಾಗುವುದು ದಿನನಿತ್ಯದ ಕಥೆ. ಎರಡನ್ನೂ ಕಿತ್ತು, ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಟಕ್ ಎನ್ನುವವರೆಗೆ ಒತ್ತಿ ಕೂಡಿಸಿದೆ. ದೀಪ ಆರಲಿಲ್ಲ. ಒಂದು ತೆಗೆದು ಇನ್ನೊಂದನ್ನು ಮಾತ್ರ ಅದೇ ಜಾಗದಲ್ಲಿ ಹಾಕಿದೆ. ಆಮೇಲೆ ಅದನ್ನು ತೆಗೆದು ಇದನ್ನು. ಬೋರ್ಡಿನ ಬಟನ್ ಸೆಲ್ ಬಿಚ್ಚಿ, ಹಳೆಯ ಸೆಟ್ಟಿಂಗೆಲ್ಲ ಮರೆಯಲೆಂದು ಊಟ ಮುಗಿಯುವವರೆಗೆ ಹಾಗೇ ಬಿಟ್ಟು, ಮತ್ತೆ ಹಾಕಿದೆ. ಪ್ರತಿ ಸಲವೂ ಅದೇ ದೀಪ.

ಶಹಾಬಾದದಲ್ಲಿ ಒಬ್ಬ ರಿಪೇರಿಯವರಿದ್ದಾರೆಂದು ಕೇಳಿದ್ದೆ. ಮರುದಿನ ಕ್ಯಾಬಿನೆಟ್ಟನ್ನು ಚಾದರದಲ್ಲಿ ಗಂಟು ಕಟ್ಟಿಕೊಂಡು ರೈಲು ಹತ್ತಿದೆ. ಶಹಾಬಾದಕ್ಕೆ ಹೋಗಬೇಕಾದರೆ ವಾಡಿ ಜಂಕ್ಷನ್ ದಾಟಲೇಬೇಕು. ಅಲ್ಲಿ ರೈಲು ನಿಂತಷ್ಟು ಹೊತ್ತೂ ನಾನು ಕಿಟಕಿಗೆ ಬೆನ್ನು ಮಾಡಿ, ಗಂಟಿನ ಮೇಲೆ ಸೆರಗು ಹೊದಿಸಿ ಕೂತಿದ್ದೆ. ಮೈದುನ ಪ್ಲಾಟ್‌ಫಾರಂ ಮೇಲೆಲ್ಲಾದರೂ ಇದ್ದು, ಕಂಡು, ಮನೆಗೆ ಹೋಗಿ ಹೇಳಿದರೆ? ಅವಳು ಪಾಪ ಎಂದಾಳಲ್ಲ ಎನ್ನುವ ಯೋಚನೆಗೇ ಮೈ ಉರಿಯಿತು.

ರಿಪೇರಿಯವರು ತಮ್ಮ ಬಳಿಯಿದ್ದ ಬೇರೆ ಪವರ್ ಸಪ್ಲೈ ಹಚ್ಚಿ ನೋಡಿದರು. ದೀಪ ಅದೇ.

"ಬೋರ್ಡ್ ಹೋಗ್ಯದ್ರಿ" ಎಂದರು.

"ಹೆಂಗ ಹೇಳ್ತೀರಿ?"

"ಮೆಮೊರಿ ಎರಡೂ ಒಮ್ಮೆಲೇ ಹೋಗಂಗಿಲ್ಲ. ಹಂಗಂದ್ರ ಬೋರ್ಡೇ ಖರಾಬ್. ಬಿಟ್ಟ್ ಹೋಗ್ರಿ, ಮುಂದಿನ ವಾರ ಬ್ಯಾರೇದು ತರಸಮು."

ಅವರ ತರ್ಕದಲ್ಲಿ ತಪ್ಪು ಕಾಣಲಿಲ್ಲ. ಆದರೆ ಹಿಂದಿನ ದಿನದವರೆಗೆ ಕೆಲಸ ಮಾಡುತ್ತಿದ್ದ ಬೋರ್ಡು, ಕೂಲರ್ ಬದಲಿಸಿದ ಗಳಿಗೆಯಲ್ಲೇ ಸಾಯಬೇಕೇ? ಅಷ್ಟರಲ್ಲಿ ಪೂರ್ಣಿಮೆಯೂ ಮುಗಿದುಹೋಗುತ್ತಿತ್ತು. ಗಂಟು ಕಟ್ಟಿಕೊಂಡು ವಾಪಸು ಬಂದೆ.

ಮನೆಯಲ್ಲಿ ಅತ್ತೆ ತೊಗರಿ ಆರಿಸುತ್ತ ಕೂತಿದ್ದರು. ನನ್ನ ಮುಖ ನೋಡಿ, "ವಾಡಿಗಿ ಹೋಗಿ ಮಾಡ್ಕೊಂಡ್ ಬಾರವ್ವಾ. ಆಕಿ ಏನ್ ಬ್ಯಾಡಂತಾಳ?" ಎಂದರು.

"ಬ್ಯಾಡ ಅನ್ನಂಗಿಲ್ರಿ ಅತ್ತಿ. ಅದೇ ತ್ರಾಸ."

ಅವರು ಮೊರದಿಂದ ತಲೆ ಎತ್ತಿ ಒಂದು ಸಲ ನೋಡಿದರು. ಮತ್ತೆ ತೊಗರಿ ಆರಿಸತೊಡಗಿದರು.

ಸಂಜೆ ನರ್ಸ್ ಫೋನ್ ಮಾಡಿದರು. ಸಿಸ್ಟಮ್ ಕೆಟ್ಟದ್ದನ್ನು ಹೇಳಿದೆ.

"ಅಕ್ಕಾರ, ಆಗಂಗಿಲ್ಲಂದ್ರ ಈಗೇ ಹೇಳ್ರಿ. ನಾ ಮೊಬೈಲ್‌ದಾಗೇ ಏನರೆ ಜೋಡಸ್ತೀನಿ. ಹಾಸಿಗಿ ಹಿಡದಾಕಿನ್ನ ಮಂಚ ಸಮೇತ ತರ್ತೀವಂತ ಅವ್ರ ಮನ್ಯಾಗ ಮಾತಾಡ್ಯಾರ. ಅವ್ರಿಗಿ ಇಲ್ಲ ಅನ್ನಾಕ ನನಗ ಬಾಯಿ ಬರಂಗಿಲ್ಲ."

ಮಂಚ ಸಮೇತ ಎಂಬ ಮಾತು ಕೇಳಿದ ಮೇಲೆ ನನ್ನ ಬಳಿ ಉಳಿದದ್ದು ಒಂದೇ ದಾರಿ. ನನ್ನ ಕಟಿಂಗೆಲ್ಲ ಇದ್ದದ್ದು ಕ್ಯಾಬಿನೆಟ್ಟಿನೊಳಗಿನ ಎಸ್‌ಎಸ್‌ಡಿಯಲ್ಲಿ, ಅಂಗೈಯಷ್ಟು ಅಗಲದ ಒಂದು ಡಬ್ಬಿಯಲ್ಲಿ. ಬೋರ್ಡು ಸತ್ತರೂ ಅದಕ್ಕೇನೂ ಆಗಿರುವುದಿಲ್ಲ. ಬೇರೆ ಸಿಸ್ಟಮ್ಮಿಗೆ ಹಚ್ಚಿದರೆ ಎಲ್ಲವೂ ಸಿಗುತ್ತದೆ. ಇದು ನನಗೆ ಮೊದಲ ದಿನವೇ ಗೊತ್ತಿತ್ತು. ಅದನ್ನು ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿದೆ. ಜೊತೆಗೆ ಮೆಮೊರಿ ಪಟ್ಟಿಗಳನ್ನೂ ಇಟ್ಟುಕೊಂಡೆ, ಅವಳ ಬೋರ್ಡಿಗೂ ಅದೇ ಜಾತಿಯವು ಹೊಂದುತ್ತವೆ, ಪರೀಕ್ಷಿಸಬಹುದು ಎಂದು. ನೆಗೆಣ್ಣಿಗೆ ಫೋನ್ ಮಾಡಿದಾಗ ಅವಳು ಕೇಳಿದ್ದು ಒಂದೇ: "ಊಟಕ್ಕೇ ಬರ್ತೀರೇನ್ರಿ ಅಕ್ಕಾ?"

ಬೆಳಗಿನ ರೈಲಿಗೆ ಹೋದೆ. ಅವಳು ತನ್ನ ಕೆಲಸ ನಿಲ್ಲಿಸಿ, ಕುರ್ಚಿ ಒರೆಸಿ, "ಕುಂದ್ರಿ" ಎಂದು ಪಕ್ಕಕ್ಕೆ ಸರಿದಳು. ಎಸ್‌ಎಸ್‌ಡಿ ಹಚ್ಚಿದೆ. ಫಿಲ್ಮು ತೆರೆಯಿತು. ನನ್ನ ಸಿಸ್ಟಮ್ಮಿನಲ್ಲಿ ಏದುಸಿರು ಬಿಡುತ್ತಿದ್ದ ದೃಶ್ಯಗಳು ಅವಳದರಲ್ಲಿ ಎಣ್ಣೆ ಸುರಿದಂತೆ ಸರಿದವು. ಬಣ್ಣದ ಕೆಲಸ ಊಟದ ಹೊತ್ತಿಗೆ ಮುಗಿದೇಹೋಯಿತು. ಇಂಥದ್ದೊಂದು ನನ್ನ ಬಳಿ ಇದ್ದಿದ್ದರೆ ನಾನು ಏನೆಲ್ಲ ಮಾಡುತ್ತಿದ್ದೆ ಎಂದೇ ಮನಸ್ಸು ಲೆಕ್ಕ ಹಾಕುತ್ತಿತ್ತು.

ಊಟವಾದ ಮೇಲೆ ಫಿಲ್ಮನ್ನು ಮೊದಲಿಂದ ಕಡೆಯವರೆಗೆ ಓಡಿಸಿದೆ. ನೆಗೆಣ್ಣಿ ಹಿಂದೆ ನಿಂತು ನೋಡಿದಳು. ಅದರಲ್ಲಿ ಒಂದು ಕಡೆ ನರ್ಸಿನ ಅಜ್ಜಿ ಹೇಳುತ್ತಾರೆ: "ಮಣ್ಣ ಸರಸಿದ್ರ ಕಲ್ಲಿನ್ಯಾಗ ಒಂದ್ ಹೆಣ್ಣಿನ ಮಾರಿ ಕಾಣ್ತು. ನನ್ನಂಗೇ ತಲಿಮ್ಯಾಲ ಏನೋ ಹೊತ್ತಿದ್ಲು." ಅಷ್ಟು ಹೇಳಿ ಅವರು ಸುಮ್ಮನಾಗಿಬಿಟ್ಟಿದ್ದರು. ಆ ಸುಮ್ಮನಿದ್ದದ್ದನ್ನು ನಾನು ಕತ್ತರಿಸಿ, ಭೀಮಾ ನದಿಯ ಡ್ರೋನ್ ದೃಶ್ಯ ಹಾಕಿ, ಕೆಳಗೆ ಕೊಳಲು ಸೇರಿಸಿದ್ದೆ. ಇಡೀ ಫಿಲ್ಮಿನಲ್ಲಿ ನನಗೆ ಬಹಳ ಹಿಡಿಸಿದ್ದ ಜಾಗ ಅದು.

"ಅಕ್ಕಾ, ಒಂದ್ ಮಾತ್ ಹೇಳ್ಲೇನ್ರಿ?" ಎಂದಳು ನೆಗೆಣ್ಣಿ.

"ಹೇಳು."

"ಆ ಆಯಿ ಮಾತ್ ಮುಗಿಸ್ಯಾಳ, ಆದ್ರ ಆಕಿ ಇನ್ನಾ ಆ ಕಲ್ಲೇ ನೋಡಾಕತ್ತಾಳ ಅನಸ್ತದ. ನೀವು ಜಲ್ದಿ ನದಿಗಿ ಹೋಗ್ಬಿಟ್ಟೀರಿ. ಆಕಿನ್ನ ಹಂಗೇ ಬಿಟ್ರ? ಕೊಳಲೂ ಬ್ಯಾಡ."

"ಮಂದಿ ಬ್ಯಾಸ್ರ ಮಾಡ್ಕೋತಾರ" ಎಂದೆ. ನನ್ನ ದನಿ ಒರಟಾಗಿತ್ತು. "ಎಲ್ಲಾ ಕಡಿ ಸುಮ್ಮ ಕುಂತ್ರ ಫಿಲ್ಮ್ ಯಾಕ ಮಾಡ್ಬೇಕು?"

"ಹೂಂ, ಅದೂ ಖರೇನ್ರಿ" ಎಂದು ಅವಳು ಚಹಾ ಮಾಡಲು ಎದ್ದುಹೋದಳು.

ಅವಳು ಒಳಗಿದ್ದಾಗ, ಅವಳಿಗೆ ಗೊತ್ತಾಗದ ಹಾಗೆ, ನದಿಯನ್ನು ತೆಗೆದು ನೋಡಿದೆ. ಕೊಳಲನ್ನೂ ನಿಲ್ಲಿಸಿದೆ. ಅಜ್ಜಿ ಮಾತು ಮುಗಿಸುತ್ತಾರೆ. ಗಾಳಿಯ ಸದ್ದು. ಸೆರಗನ್ನು ತಲೆಯ ಮೇಲೆಳೆದುಕೊಳ್ಳುತ್ತಾರೆ. ಕೈ ಅಲ್ಲೇ, ನೆತ್ತಿಯ ಮೇಲೇ ನಿಲ್ಲುತ್ತದೆ, ಬುಟ್ಟಿಯನ್ನು ಹಿಡಿದಂತೆ. ಎಷ್ಟೋ ಸಲ ನೋಡಿದ ದೃಶ್ಯ. ಆ ಕೈಯನ್ನು ನಾನು ಕಂಡಿರಲೇ ಇಲ್ಲ.

ಅಲ್ಲಿಯವರೆಗೆ ನನ್ನ ಹೊಟ್ಟೆಕಿಚ್ಚು ಗಾಜು, ಕೊಳವೆ, ನೀಲಿ ಬೆಳಕಿನ ಮೇಲಿತ್ತು. ಅವು ಕೊಳ್ಳಲು ಸಿಗುವ ವಸ್ತುಗಳು. ಇವತ್ತಲ್ಲ ನಾಳೆ ತಂದೇನು ಎಂಬ ಸಮಾಧಾನ ಇತ್ತು. ಇದನ್ನು ಎಲ್ಲಿಂದ ತರುವುದು? ಕೆಲಸ ಕಲಿಸಿದವಳು ನಾನು. ಹೀಗೆ ನೋಡುವುದನ್ನು ನಾನು ಕಲಿಸಿರಲಿಲ್ಲ, ನನಗೇ ಬರುತ್ತಿರಲಿಲ್ಲ. ಛಾಯಾಗ್ರಾಹಕರು ವಾಡಿಗೆ ಹೋಗುವುದು ಮಿಷಿನ್ ನೋಡಿಯಲ್ಲ ಎಂದು ಆ ಕುರ್ಚಿಯಲ್ಲಿ ಕೂತು ತಿಳಿಯಿತು. ತಿಳಿದದ್ದರಿಂದ ಉರಿ ಕಡಿಮೆಯೇನೂ ಆಗಲಿಲ್ಲ.

ಅವಳು ಚಹಾ ತಂದಾಗ ತೆರೆಯ ಮೇಲೆ ಅಜ್ಜಿಯ ಕೈ ನಿಂತಿತ್ತು. ಅವಳು ಅದನ್ನು ನೋಡುತ್ತ ಚಹಾ ನನ್ನ ಪಕ್ಕಕ್ಕಿಟ್ಟಳು. ಕಡೆಯ ಹೆಸರುಗಳ ಪಟ್ಟಿಯಲ್ಲಿ ಸಂಕಲನ ಎಂದು ನನ್ನ ಹೆಸರಿತ್ತು. ಅದರ ಕೆಳಗೆ ಸಹಾಯ ಎಂದು ಬರೆದು ಅವಳ ಹೆಸರು ಸೇರಿಸಿದೆ. ಸಂಕಲನದ ಪಕ್ಕಕ್ಕೇ ಬರೆಯಬೇಕೆಂದು ಗೊತ್ತಿತ್ತು. ಕೈ ಬರಲಿಲ್ಲ.

ಕಾಪಿ ಹೊರಬರುವುದನ್ನು ಕಾಯ್ದು, ಪೆನ್ ಡ್ರೈವಿಗೆ ಹಾಕಿಕೊಂಡೆ. ಆಮೇಲೆ ಅವಳ ಸಿಸ್ಟಮ್ ಆರಿಸಿ, ಅವಳ ಮೆಮೊರಿ ತೆಗೆದು ನನ್ನ ಪಟ್ಟಿಗಳನ್ನು ಹಾಕಿ ನೋಡಿದೆವು. ಎರಡೂ ಸರಿಯಾಗಿಯೇ ನಡೆದವು. "ಹಂಗಾದ್ರ ನಿಮ್ಮ ಬೋರ್ಡೇ ಏನ್ರಿ?" ಎಂದಳು ಅವಳು, ನಿಜವಾದ ಸಂಕಟದಿಂದ. "ಇಲ್ಲ, ನೋಡ್ತೀನಿ" ಎಂದೆ.

ಪೂರ್ಣಿಮೆಯ ಸಂಜೆ ಸನ್ನತಿಗೆ ಹೋದೆ. ಬಿಳಿ ಬಟ್ಟೆ ಕಟ್ಟಿ, ಮುಂದೆ ಜಮಖಾನೆ ಹಾಸಿದ್ದರು. ಹೇಳಿದ ಹಾಗೆ ಮಂಚವೂ ಬಂತು. ಅದರ ಮೇಲೆ ದಿಂಬಿಗೊರಗಿಸಿ ಕೂಡಿಸಿದ ಆ ಮುದುಕಿ ಫಿಲ್ಮು ಶುರುವಾದದ್ದೇ ಮಾತಾಡತೊಡಗಿದಳು. ಯಾರ ಮುಖ ಬಂದರೂ ಅವರ ಹೆಸರು ಹಿಡಿದು ಕೂಗಿದಳು. ಮುಂದೆ ಕೂತ ಹೆಂಗಸರು ನಕ್ಕರು, ಒಬ್ಬರನ್ನೊಬ್ಬರು ತಿವಿದರು. ನರ್ಸಿನ ಅಜ್ಜಿ ಮಾತು ನಿಲ್ಲಿಸಿದ ಜಾಗ ಬಂದಾಗ ಮಾತ್ರ ಜಮಖಾನೆಯ ಮೇಲೆ ಒಂದು ಸದ್ದೂ ಇರಲಿಲ್ಲ. ಮಂಚದ ಮೇಲಿನವಳೂ ಸುಮ್ಮನಾದಳು. ಆಮೇಲೆ ಅವಳು, "ಆಕಿನ್ನ ನಾನೂ ನೋಡೀನಿ" ಎಂದಳು, ಕಲ್ಲಿನ ಹೆಣ್ಣನ್ನು ಕುರಿತು.

ಎಲ್ಲರೂ ಬಂದು ನನ್ನ ಕೈ ಹಿಡಿದರು. ಹಿಡಿಸಿಕೊಂಡೆ.

ಮನೆಗೆ ಬಂದ ಮೇಲೆ ಅವಸರವಿಲ್ಲದೆ ಸಿಸ್ಟಮ್ಮಿನ ಮುಂದೆ ಕೂತೆ. ಮೆಮೊರಿ ಪಟ್ಟಿಗಳು ಚೆನ್ನಾಗಿವೆ ಎಂಬುದೀಗ ಖಾತ್ರಿ. ಬೋರ್ಡಿನಲ್ಲಿ ಮೆಮೊರಿಗೆ ನಾಲ್ಕು ಸೀಳುಗಳಿವೆ, ಎರಡೆರಡರ ಎರಡು ಜೋಡಿ. ಒಂದೇ ಪಟ್ಟಿ ಹಾಕಿ ನೋಡುವಾಗ ಪ್ರತಿ ಸಲವೂ ರೂಢಿಯ ಒಂದೇ ಸೀಳಿನಲ್ಲಿ ಹಾಕಿದ್ದೆ. ಶಹಾಬಾದದವರೂ ಅದನ್ನು ಬದಲಿಸಿರಲಿಲ್ಲ. ಈಗ ಒಂದನ್ನು ಇನ್ನೊಂದು ಜೋಡಿಯ ಸೀಳಿಗೆ ಹಾಕಿ ಗುಂಡಿ ಒತ್ತಿದೆ. ದೀಪ ಆರಿತು, ಮಾನಿಟರಿನಲ್ಲಿ ಅಕ್ಷರ ಮೂಡಿದವು. ಮತ್ತೆ ಮೊದಲಿನ ಜೋಡಿಗೆ ಹಾಕಿದೆ. ಕಪ್ಪು.

ಬೋರ್ಡು ಸತ್ತಿರಲಿಲ್ಲ. ಒಂದು ಜೋಡಿಯ ಮಾತು ಮಾತ್ರ ಪ್ರೊಸೆಸರಿಗೆ ತಲುಪುತ್ತಿರಲಿಲ್ಲ. ಪ್ರೊಸೆಸರು ಬೋರ್ಡಿನ ನೂರಾರು ಸಣ್ಣ ಮುಳ್ಳುಗಳ ಮೇಲೆ ಸಮನಾಗಿ ಕೂತಿರಬೇಕು. ಕೂಲರ್ ಬಿಚ್ಚಿದೆ. ಪೇಸ್ಟಿನ ಅಚ್ಚು ಎಲ್ಲವನ್ನೂ ಹೇಳಿತು. ನಾನು ಮೊದಲು ಬಿಗಿದ ಮೂಲೆಯಲ್ಲಿ ಪೇಸ್ಟು ಪೂರ್ತಿ ಹಿಂಡಿಹೋಗಿ ಲೋಹ ಕಾಣುತ್ತಿತ್ತು. ಎದುರಿನ ಮೂಲೆಯಲ್ಲಿ ತಟ್ಟಲು ಬಾರದವರ ರೊಟ್ಟಿಯಂತೆ ದಪ್ಪಗೆ ಉಳಿದಿತ್ತು. ಕೂಲರಿನ ತಳ ವಾರೆಯಾಗಿ ಕೂತು, ಪ್ರೊಸೆಸರನ್ನು ಒಂದೇ ಬದಿಗೆ ಅದುಮಿ ಹಿಡಿದಿತ್ತು.

ಒರೆಸಿ, ಹೊಸ ಪೇಸ್ಟು ಹಾಕಿದೆ. ಕೊಳವೆಗಳು ಎಳೆಯದಂತೆ ಮೊದಲು ಅವುಗಳ ದಿಕ್ಕು ಬದಲಿಸಿಕೊಂಡೆ. ಸ್ಕ್ರೂಗಳನ್ನು ಬೆರಳಿನಿಂದಷ್ಟೇ ಕೂಡಿಸಿ, ಒಂದು ಮೂಲೆಗೆ ಅರ್ಧ ಸುತ್ತು, ಅದರ ಎದುರು ಮೂಲೆಗೆ ಅರ್ಧ ಸುತ್ತು, ಹೀಗೆ ಅಡ್ಡಡ್ಡ ಬಿಗಿಯುತ್ತ ಬಂದೆ. ಸ್ಕ್ರೂ ಸಾಕು ಎಂದಲ್ಲಿ ನಿಲ್ಲಿಸಿದೆ. ಎರಡೂ ಪಟ್ಟಿಗಳನ್ನು ಅವುಗಳ ಹಳೆಯ ಜಾಗದಲ್ಲಿ ಹಾಕಿ ಗುಂಡಿ ಒತ್ತಿದಾಗ ಸಿಸ್ಟಮ್ ಸದ್ದಿಲ್ಲದೆ ಎದ್ದಿತು. ಮಧ್ಯಾಹ್ನದ ಬಿಸಿಲಿನಲ್ಲೂ ಪ್ರೊಸೆಸರು ತಣ್ಣಗಿತ್ತು. ಅತ್ತೆ ಬಂದು, ಕೈ ಇಟ್ಟು ನೋಡಿ, "ಈಗ ನಿಂದೂ ಆಕಿ ಮಿಷಿನ್ ಹಂಗೇ ಆಯ್ತು ನೋಡು" ಎಂದರು. ಹದಿನೈದು ದಿನದ ಹಿಂದೆ ಈ ಮಾತಿಗಾಗಿ ನಾನು ಏನು ಬೇಕಾದರೂ ಕೊಡುತ್ತಿದ್ದೆ.

ಅದೇ ವಾರ ನರ್ಸ್ ಮತ್ತೆ ಫೋನ್ ಮಾಡಿದರು. ಚಿಂಚೋಳಿ ಕಡೆ ಐನಾಪುರದಲ್ಲಿ ಹೆರಿಗೆ ಮಾಡಿಸುತ್ತಿದ್ದ ಮುದುಕಿಯರಿದ್ದಾರಂತೆ, ಅವರ ಮಾತುಗಳನ್ನೂ ಹೀಗೇ ಮಾಡಬೇಕು ಎಂದರು. ನಾನು ಆಗಲಿ ಎನ್ನುವಷ್ಟರಲ್ಲಿ ಕೇಳಿದರು: "ಅಕ್ಕಾರ, ನಮ್ಮ ಆಯಿ ಸುಮ್ಮ ಕುಂತದ್ದು ಮುಂಚೆ ನೀವು ನನಗ ತೋರ್ಸಿದಾಗ ಇರ್ಲಿಲ್ಲ. ಆಮ್ಯಾಲ ಇಟ್ಟಿರೇನು?"

"ನಾ ಅಲ್ರಿ" ಎಂದೆ. "ನನ್ನ ನೆಗೆಣ್ಣಿ. ವಾಡ್ಯಾಗ ಇರ್ತಾಳ."

"ಸಹಾಯ ಅಂತ ಹೆಸರಿತ್ತಲ್ರಿ, ಅವ್ರೇನು? ಅವ್ರ ನಂಬರ್ ಕೊಡ್ತೀರೇನ್ರಿ? ಇದನ್ನ ಅವ್ರ ಕೂಡ ಮಾತಾಡಿ ನೋಡ್ತೀನಿ."

ನಂಬರು ನನಗೆ ಬಾಯಿಪಾಠ. ಒಂದಂಕಿ ತಪ್ಪು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ನಿಜವಾಗಿಯೂ ಅನ್ನಿಸಿತು. ಸರಿಯಾದ ನಂಬರನ್ನೇ ಹೇಳಿದೆ. ಅವರು ಬರೆದುಕೊಂಡಿರೋ ಇಲ್ಲವೋ ಎಂದು, ಇನ್ನೊಂದು ಸಲ ನಿಧಾನವಾಗಿ ಹೇಳಿದೆ.